ಬಂದೂಕಿನ ಮೂತಿಗೊಂದು ಓರೆ ತುಂಡು

ಗುಂಡು ಹಾರಿದೊಡನೆ ಬಂದೂಕು ಹಿಂದಕ್ಕೆ ಒದೆಯುವುದೆಂಬುದನ್ನು ಎಲ್ಲರೂ ಬಲ್ಲರು. ನ್ಯೂಟನ್ನನ ಮೂರನೆಯ ನಿಯಮವನ್ನು ಬೋಧಿಸುವ ಉಪಾಧ್ಯಾಯರಿಗೆ ಇದು ಅಚ್ಚುಮೆಚ್ಚಿನ ಉದಾಹರಣೆ. ಆದರೆ ಅದರಲ್ಲಿ ಬಿಟ್ಟುಹೋಗುವ ಅಂಶವೊಂದುಂಟು. ನಳಿಗೆಯಿಂದ ಹೊರಬೀಳುವುದು ಗುಂಡೊಂದೇ ಅಲ್ಲ. ಅದರ ಬೆನ್ನ ಹಿಂದೆಯೇ ಉರಿದ ಮದ್ದಿನ ಅನಿಲವೂ ನುಗ್ಗಿ ಬರುತ್ತದೆ.

ಸೋವಿಯೆತ್ ಸೇನೆಯು 1959ರಲ್ಲಿ ಅಂಗೀಕರಿಸಿದ ಎಕೆಎಂ ರೈಫಲನ್ನು ತೆಗೆದುಕೊಳ್ಳೋಣ. ಇದರ ಗುಂಡಿನ ತೂಕ 7.9 ಗ್ರಾಂ; ವೇಗ ಸೆಕೆಂಡಿಗೆ ಸುಮಾರು 715 ಮೀಟರು. ಮದ್ದಿನ ತೂಕ ಸುಮಾರು 1.6 ಗ್ರಾಂ, ಎಂದರೆ ಗುಂಡಿನ ಐದರಲ್ಲೊಂದು ಪಾಲು ಮಾತ್ರ. ಆದರೂ ಅನಿಲವು ಗುಂಡಿಗಿಂತ ಹೆಚ್ಚು ವೇಗದಿಂದ ಹೊರಹೊಮ್ಮುವುದರಿಂದ ಒದೆತದ ಸುಮಾರು ಕಾಲುಭಾಗ ಅದರದೇ ಆಗಿರುತ್ತದೆ. ಗುಂಡಿನ ಪಾಲನ್ನು ನಾವು ತಪ್ಪಿಸಲಾರೆವು. ಅನಿಲವನ್ನಾದರೋ ಬೇಕಾದ ಕಡೆಗೆ ತಿರುಗಿಸಬಹುದು. ಮೂತಿಗೆ ತೊಡಿಸುವ ಸಾಧನಗಳ ಗುಟ್ಟೆಲ್ಲ ಇಷ್ಟೆ.

ಎಕೆಎಂನ ಸಾಧನವು ನೋಡಲು ತೀರ ಸಾಧಾರಣ: ಓರೆಯಾಗಿ ಕತ್ತರಿಸಿದ ಒಂದು ಗಿಡ್ಡ ಕೊಳವೆಯ ತುಂಡು. ಭುಜವು ನಳಿಗೆಯ ರೇಖೆಗಿಂತ ಕೆಳಗೆ ಆನುವುದರಿಂದ ಒದೆತವು ಮೂತಿಯನ್ನು ಮೇಲೆತ್ತುತ್ತದೆ. ಬಲಗೈಯವರ ಹಿಡಿತದಲ್ಲಿ ಅದು ಕೊಂಚ ಬಲಕ್ಕೂ ಸರಿಯುತ್ತದೆ. ನಿಮಿಷಕ್ಕೆ 600ರಂತೆ ಗುಂಡುಗಳು ಹಾರುವಾಗ ಎರಡರ ನಡುವೆ ಇರುವುದು ಸೆಕೆಂಡಿನ ಹತ್ತನೆಯ ಒಂದು ಭಾಗ. ಮೂತಿಯನ್ನು ಮತ್ತೆ ಗುರಿಗೆ ತರಲು ಸೈನಿಕನಿಗೆ ಅವಕಾಶವೆಲ್ಲಿ? ಓರೆ ತುಂಡಿನ ಕೆಳತುಟಿ ಮುಂಚಾಚಿಕೊಂಡಿರುತ್ತದೆ. ಅನಿಲವು ಆ ತುಟಿಯನ್ನು ಒತ್ತಿ, ಮೇಲಕ್ಕೂ ಬಲಕ್ಕೂ ಚಿಮ್ಮುತ್ತದೆ. ಮೂತಿಯು ಕೆಳಕ್ಕೂ ಎಡಕ್ಕೂ ತಳ್ಳಲ್ಪಡುತ್ತದೆ. ಎಡಗೈ ಬಂಟನಿಗೆ ಈ ಎಡದೂಕು ಉಪಕಾರಕ್ಕಿಂತ ಉಪದ್ರವವೇ ಹೆಚ್ಚು!

ಆದುದರಿಂದ ತುಂಡು ಯಾವ ಕೋನದಲ್ಲಿ ನಿಂತಿದೆಯೆಂಬುದೇ ಮುಖ್ಯ. ಅರ್ಧ ಸುತ್ತು ತಪ್ಪಿದರೆ ಮೂತಿಯನ್ನು ಇಳಿಸಬೇಕಾದ ಸಾಧನವೇ ಅದನ್ನು ಮೇಲೆತ್ತುವುದು. ತಿರುಪಿನ ಸ್ವಭಾವವೋ, ಬಿಗಿಯಾದಲ್ಲಿ ನಿಲ್ಲುವುದೇ ಹೊರತು ನಾವು ಬಯಸಿದಲ್ಲಿ ಅಲ್ಲ. ಒಂದು ಸುತ್ತಿಗೆ 1 ಮಿಲಿಮೀಟರ್ ಮುಂದುವರಿಯುವ ತಿರುಪು ಕಾಲು ಸುತ್ತು ಮೊದಲೇ ನಿಲ್ಲಬೇಕಾದರೆ ನಡುವೆ 0.25 ಮಿಲಿಮೀಟರ್ ದಪ್ಪದ ಬಳೆಯನ್ನು ಇಡಬೇಕು. 1980ರ ದಶಕದಲ್ಲಿ ಬಂದ ಅಮೆರಿಕದ ಎಂ16ಎ2 ರೈಫಲಿನಲ್ಲಿ ಈ ಬಗೆಯ ಬಳೆಯನ್ನು ಬಳಸಿದರು. ಅದರ ಮೂತಿಯ ಸಾಧನದಲ್ಲಿ ಕೆಳಗಡೆಯ ಸೀಳುಗಳನ್ನು ಮುಚ್ಚಿದ್ದುದರಿಂದ ಮುಚ್ಚಿದ ಬದಿಯು ನೆಲದತ್ತಲೇ ಇರಬೇಕಾಗಿತ್ತು. ಮಲಗಿ ಗುಂಡು ಹಾರಿಸುವವನ ಮುಂದೆ ಧೂಳೇಳುವುದೂ ಇದರಿಂದ ಕಡಿಮೆಯಾಯಿತು. ಎಕೆಎಂನವರ ಉಪಾಯ ಬೇರೆ. ತುಂಡನ್ನು ಎಡತಿರುಪಿನ ಮೇಲೆ ಸುತ್ತಿ, ಅದರ ಅಂಚಿನ ಕಚ್ಚಿನಲ್ಲಿ ಸ್ಪ್ರಿಂಗಿನ ಮೊಳೆಯೊಂದು ಕೂರುವಂತೆ ಮಾಡಿದರು. ಬಿಗಿಯುವ ಗೊಡವೆಯೇ ಇಲ್ಲ. ಮೊಳೆ ಕೂತಾಗ ಕೋನವೂ ಸರಿಯಾಗಿರುತ್ತದೆ. ನನ್ನ ಮಟ್ಟಿಗೆ ಇದೇ ಹೆಚ್ಚು ಜಾಣತನದ ಪರಿಹಾರ.

ಕೋನಕ್ಕಿಂತ ಗಂಭೀರವಾದುದು ಅಕ್ಷದ ಹೊಂದಾಣಿಕೆ. ನಳಿಗೆಯ ರಂಧ್ರ, ಹೊರಗಿನ ತಿರುಪು, ಸಾಧನದ ರಂಧ್ರ, ಈ ಮೂರಕ್ಕೂ ಒಂದೇ ಅಕ್ಷವಿರಬೇಕು. 100 ಮಿಲಿಮೀಟರ್ ಉದ್ದದ ಸಾಧನವು 1 ಡಿಗ್ರಿಯಷ್ಟು ವಾಲಿದರೂ ಅದರ ತುದಿ ಸುಮಾರು 1.7 ಮಿಲಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಗುಂಡಿಗೂ ರಂಧ್ರದ ಗೋಡೆಗೂ ನಡುವಣ ತೆರಪು ಅದಕ್ಕಿಂತ ಕಿರಿದಾಗಿದ್ದರೆ ಗುಂಡು ಗೋಡೆಗೆ ಬಡಿಯುವುದು. ಸಾಧನವೇ ಕಿತ್ತು ಹಾರಬಹುದು. ಬಡಿಯದಿದ್ದರೂ, ಅನಿಲವು ಒಂದೇ ಮಗ್ಗುಲಿನಿಂದ ಹೆಚ್ಚಾಗಿ ಗುಂಡಿನ ಬುಡವನ್ನು ತಳ್ಳಿ ಅದನ್ನು ಓಲಾಡಿಸಬಹುದು. ಓರೆ ತುಂಡು ಗಿಡ್ಡದಾದುದರಿಂದ ಈ ಭಯ ಅದಕ್ಕೆ ಕಡಿಮೆ.

ಅನಿಲವನ್ನು ಪಕ್ಕಕ್ಕೋ ಹಿಂದಕ್ಕೋ ತಿರುಗಿಸುವ ಸಾಧನಗಳೂ ಉಂಟು. 1974ರ ಎಕೆ-74 ರೈಫಲಿನ ಮೂತಿಯಲ್ಲಿರುವ ಉದ್ದನೆಯ ಸಾಧನವು ಒದೆತವನ್ನೇ ಗಣನೀಯವಾಗಿ ತಗ್ಗಿಸುತ್ತದೆ. ಆದರೆ ಮುಂದಕ್ಕೆ ಹೋಗಬೇಕಾಗಿದ್ದ ಸದ್ದು ಅನಿಲದೊಡನೆ ಪಕ್ಕಕ್ಕೆ ತಿರುಗುತ್ತದೆ. ಹಾರಿಸಿದವನ ಭುಜಕ್ಕೆ ದೊರೆತ ಸುಖದ ಬೆಲೆಯನ್ನು ಪಕ್ಕದಲ್ಲಿ ಮಲಗಿದವನ ಕಿವಿಗಳು ತೆರುತ್ತವೆ.