ಹಿಡಿಂಬನ ಬೂದಿ, ದನದ ಸಗಣಿ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವಾಗ ಕುಡುತಿನಿ ಬಳಿ ಇಳಿದು, ಬೂದಿ ದಿಬ್ಬದ ಮೇಲಿನ ತುಂಡೊಂದನ್ನು ಎತ್ತಿಕೊಂಡೆ. ಮೈತುಂಬ ತೂತು, ಒಡೆದ ಕಡೆ ಗಾಜಿನ ಹೊಳಪು. ಕಮ್ಮಾರನ ಕುಲುಮೆಯ ಕಿಟ್ಟವೇ ಇರಬೇಕೆನ್ನಿಸಿತು. ಕುರಿ ಮೇಯಿಸುತ್ತಿದ್ದ ಅಜ್ಜ ನಕ್ಕರು.

‘ಹಿಡಿಂಬನ್ನ ಸುಟ್ಟ ಬೂದಿ ಅದು. ಭೀಮ ಸುಟ್ಟಿದ್ದು.’

‘ಸಗಣಿ ಸುಟ್ಟಿದ್ದಂತೆ, ಅಜ್ಜಾ.’

‘ಸಗಣಿ ಯಾರಾರ ಸುಡ್ತಾರೇನ್ರೀ? ಹೊಲಕ್ಕ ಹಾಕ್ತಾರ!’

ಪಂಡಿತರೂ ಇಲ್ಲೇ ತಿಣುಕಿದವರು. 1836ರಲ್ಲಿ ಬ್ರಿಟಿಷ್ ಸೇನಾಧಿಕಾರಿ ನ್ಯೂಬೋಲ್ಡ್ ಈ ದಿಬ್ಬದ ಬಗ್ಗೆ ಬರೆದ ಮೇಲೆ ಜ್ವಾಲಾಮುಖಿ, ಕಬ್ಬಿಣದ ಕುಲುಮೆ, ಸಾಮೂಹಿಕ ದಹನ ಎಂದೆಲ್ಲ ಊಹೆಗಳು ಬಂದವು. ಸಗಣಿ ಇರಬಹುದೆಂದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತು ಬಹುಕಾಲ ಬದಿಗೇ ಬಿದ್ದಿತ್ತು. 1960ರಲ್ಲಿ ವಿಜ್ಞಾನಿ ಝಾಯ್ನರ್ ಕುಡುತಿನಿಯ ಮಾದರಿಗಳನ್ನೇ ಪರೀಕ್ಷಿಸಿ, ಇದು ಸುಟ್ಟ ಸಗಣಿ ಎಂದು ತೀರ್ಮಾನಿಸಿದರು.

ನನಗೆ ಮೋಜೆನ್ನಿಸುವುದು ಆ ಗಾಜು. ಹುಲ್ಲಿನಲ್ಲಿ ಸಿಲಿಕಾದ ಸಣ್ಣ ಕಣಗಳಿರುತ್ತವೆ. ದನದ ಹೊಟ್ಟೆಯಲ್ಲೂ ಅರಗದೆ ಸಗಣಿಯ ಜೊತೆ ಹೊರಬರುತ್ತವೆ. ದೊಡ್ಡಿಯಲ್ಲಿ ವರ್ಷಗಟ್ಟಲೆ ತುಂಬಿದ ರಾಶಿಗೆ ಬೆಂಕಿಯಿಟ್ಟರೆ, ಬೂದಿಯ ಕ್ಷಾರವೂ ಸೇರಿ ಆ ಕಣಗಳು ಕರಗುತ್ತವೆ. ಒಲೆಯ ಎರಡು ಕುಳ್ಳಿನಿಂದ ಇದು ಆಗುವ ಮಾತಲ್ಲ. ನನ್ನ ಅಂಗೈಲಿದ್ದದ್ದು ಒಂದು ಕಾಲದ ಮೇವು!

ಪುರಾತತ್ವಜ್ಞ ಆಲ್ಚಿನ್ 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದೇ ದಿಬ್ಬವನ್ನು ಅಗೆದಾಗ ಬೇಲಿಯ ಕಂಬ ನೆಟ್ಟ ಗುಳಿಗಳು ಸಿಕ್ಕವು, ಜೊತೆಗೆ ದನಗಳ ಗೊರಸಿನ ಗುರುತು. ದೊಡ್ಡಿ ಸುಡುವುದು, ಅಲ್ಲೇ ಮತ್ತೆ ಕಟ್ಟುವುದು, ಹೀಗೆ ಹಲವು ಸಲ ನಡೆದಿತ್ತು. ಆಮೇಲೆ ಸುರಪುರ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ನಡೆಸಿದ ಉತ್ಖನನದಲ್ಲಿ ದೊಡ್ಡಿಯ ಪಕ್ಕದಲ್ಲೇ ಮನೆಗಳು ಕಂಡವು. ಈ ನವಶಿಲಾಯುಗದ ದನಗಾಹಿಗಳ ಕಾಲ ಸುಮಾರು ಕ್ರಿ.ಪೂ. 3000ರಿಂದ 1200.

ಸುಟ್ಟದ್ದೇಕೆ? ಸಂಕ್ರಾಂತಿಯಲ್ಲಿ ದನಗಳನ್ನು ಕಿಚ್ಚು ಹಾಯಿಸುವಂಥ ಆಚರಣೆಗಳ ಕಡೆ ಆಲ್ಚಿನ್ ಬೆರಳು ತೋರಿದರು. ನನಗೂ ಇದು ಇಷ್ಟವೇ. ಆದರೆ ನಾಲ್ಕು ಸಾವಿರ ವರ್ಷದ ಹಗ್ಗವನ್ನು ಒಂದೇ ಗಂಟಿನಲ್ಲಿ ಬಿಗಿಯಲು ಧೈರ್ಯ ಸಾಲದು. ಉಣ್ಣೆ, ನೊಣಗಳ ಕಾಟಕ್ಕೂ ಸುಟ್ಟಿರಬಹುದು. ಒಂದಂತೂ ಖಂಡಿತ: ಇಷ್ಟು ಸಗಣಿ ಸುಡಬೇಕಾದರೆ ಅವರ ಹಟ್ಟಿ ತುಂಬ ದನವಿತ್ತು.

ಎಷ್ಟೋ ದಿಬ್ಬಗಳ ಬೂದಿಯನ್ನು ರೈತರು ಗಾಡಿ ಹೇರಿಕೊಂಡು ಹೋಗಿ ಹೊಲಕ್ಕೇ ಹಾಕಿದ್ದಾರೆ. ಅಜ್ಜನ ಮಾತು ಹಾಗಾದರೂ ನಿಜವಾಯಿತು. ಉಳಿದವಾದರೂ ಉಳಿಯಲಿ ಎಂದು ನನ್ನ ಕೈಯ ತುಂಡನ್ನು ಅಲ್ಲೇ ಇಟ್ಟು ಬಂದೆ. ಹಂಪಿಗೆ ಹೊರಟಾಗ ನೀವೂ ಹತ್ತು ನಿಮಿಷ ಇಳಿದು ನೋಡಿ, ಜೇಬಿಗೆ ಮಾತ್ರ ಇಳಿಸಬೇಡಿ.