ಕಿವಿ ಪಾಸ್, ಮಗುವಿಗೆ ಮಾತ್ರ ಕೇಳಲ್ಲ!

ಮಗು ಹುಟ್ಟಿದ ಒಂದೆರಡು ದಿನಕ್ಕೇ ಅನೇಕ ಆಸ್ಪತ್ರೆಗಳಲ್ಲಿ ಕಿವಿಗೆ ಪುಟ್ಟ ಯಂತ್ರ ಇಟ್ಟು ಪರೀಕ್ಷೆ ಮಾಡ್ತಾರೆ. ಅದರ ಹೆಸರು ಒಎಇ. ‘ಪಾಸ್’ ಅಂತ ಬಂದ್ರೆ ಅಪ್ಪ-ಅಮ್ಮ ನಿರಾಳ. ಆದರೆ ಹಾಗೆ ಪಾಸಾದ ಮಗುವಿಗೂ ಏನೂ ಕೇಳಿಸದೇ ಇರಬಹುದು ಅಂದ್ರೆ ನಂಬ್ತೀರಾ? ನಂಬಲೇಬೇಕು. ಇದಕ್ಕೊಂದು ಕಾರಣ ಒಟಿಒಎಫ್ ಎಂಬ ಜೀನ್. 1999ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಇದನ್ನು ಪತ್ತೆ ಹಚ್ಚಿದರು.

ಒಳಕಿವಿಯ ರೋಮಕೋಶಗಳಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ತುಂಬಿದ ಸೂಕ್ಷ್ಮ ಚೀಲಗಳು ಕಾದು ಕೂತಿರ್ತವೆ. ಸದ್ದು ಬಡಿದ ಕೂಡಲೇ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತೆ. ಚೀಲ ಕೋಶದ ಪೊರೆಗೆ ಬೆಸೆದುಕೊಂಡು ಒಳಗಿದ್ದದ್ದನ್ನು ನರದ ಕಡೆ ಸುರಿಯುತ್ತೆ. ಆಗಲೇ ಮಿದುಳಿಗೆ ‘ಅಮ್ಮ ಕರೀತಿದ್ದಾಳೆ’ ಅಂತ ಗೊತ್ತಾಗೋದು. ಕ್ಯಾಲ್ಸಿಯಂ ಗುರುತಿಸಿ ಈ ಬೆಸುಗೆ ಮಾಡಿಸೋದು, ಖಾಲಿಯಾದ ಜಾಗಕ್ಕೆ ಹೊಸ ಚೀಲ ಬರಲು ನೆರವಾಗೋದು ಒಟೊಫರ್ಲಿನ್ ಎಂಬ ಪ್ರೋಟೀನ್. ಅದನ್ನು ತಯಾರಿಸುವ ಸೂಚನೆ ಇರೋದು ಈ ಜೀನ್‌ನಲ್ಲಿ.

ಜೀನ್ ಕೆಟ್ಟರೆ? ಬಸ್ಸು ನಿಲ್ದಾಣಕ್ಕೆ ಬಂದಿದೆ, ಒಳಗೆ ಜನ ತುಂಬಿದ್ದಾರೆ, ಬಾಗಿಲು ಮಾತ್ರ ತೆರೆಯೋದಿಲ್ಲ! ಒಎಇ ನೋಡೋದು ಹೊರಸಾಲಿನ ರೋಮಕೋಶಗಳ ಪ್ರತಿಧ್ವನಿಯನ್ನು. ಅವು ಚೆನ್ನಾಗೇ ಇರೋದರಿಂದ ಮಗು ಪಾಸ್. ಸದ್ದು ನರದ ಮೂಲಕ ಹೋಗ್ತಿದೆಯಾ ಅಂತ ಹೇಳೋದು ಬೆರಾ ಪರೀಕ್ಷೆ.

ನನಗೆ ಸಿಟ್ಟು ಬರೋದು ಎಲ್ಲಿ ಗೊತ್ತಾ? ಮಗುವಿಗೆ ಕೇಳಿಸಲ್ಲ ಅಂದ ತಕ್ಷಣ ‘ಬಸುರಿಯಲ್ಲಿ ಗ್ರಹಣ ನೋಡಿದ್ಲು’ ಅಂತ ತಾಯಿ ಕಡೆ ಬೆರಳು ತೋರಿಸ್ತಾರಲ್ಲ, ಅಲ್ಲಿ. ಸ್ವಾಮಿ, ಈ ದೋಷ ಕಾಣಿಸಿಕೊಳ್ಳೋಕೆ ಕೆಟ್ಟ ಪ್ರತಿ ತಾಯಿಯಿಂದ ಒಂದು, ತಂದೆಯಿಂದ ಒಂದು ಬರಬೇಕು. ಇಬ್ಬರಿಗೂ ಕಿವಿ ಚೆನ್ನಾಗೇ ಕೇಳ್ತಿರುತ್ತೆ. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಸೋದರಮಾವ, ಅತ್ತೆ ಮಗ ಅಂತ ಒಳಗೊಳಗೇ ಮದುವೆಯಾಗುವ ನಮ್ಮ ಮನೆಗಳಲ್ಲಿ ಎರಡು ಕೆಟ್ಟ ಪ್ರತಿ ಸೇರುವ ಸಾಧ್ಯತೆ ಹೆಚ್ಚು.

ದಾರಿಯೂ ಇದೆ. ಕಾಕ್ಲಿಯರ್ ಇಂಪ್ಲಾಂಟ್ ಈ ಮಕ್ಕಳಿಗೆ ಸಾಮಾನ್ಯವಾಗಿ ಒಳ್ಳೇ ಫಲ ಕೊಡುತ್ತೆ, ಯಾಕಂದ್ರೆ ನರ ಸರಿಯಿರುತ್ತೆ. ಶಾಂಘೈನ ಫುಡಾನ್ ವಿಶ್ವವಿದ್ಯಾಲಯದ ವೈದ್ಯರು ಸರಿಯಾದ ಜೀನನ್ನೇ ಒಳಕಿವಿಗೆ ಕಳಿಸಿದರು. ಜೀನ್ ತುಂಬ ಉದ್ದ, ಹೊತ್ತೊಯ್ಯುವ ವೈರಸ್‌ನಲ್ಲಿ ಹಿಡಿಸಲ್ಲ. ಎರಡು ತುಂಡು ಮಾಡಿ ಕಳಿಸಿದರು. 2024ರ ಜನವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ವರದಿ ಪ್ರಕಾರ, ಆರು ಮಕ್ಕಳಲ್ಲಿ ಐವರಿಗೆ ಕೇಳಿಸೋಕೆ ಶುರುವಾಯ್ತು.

ಆದರೆ ಯಾವ ಚಿಕಿತ್ಸೆಗೂ ಮೊದಲು ರೋಗ ಗೊತ್ತಾಗಬೇಕಲ್ಲ? ಮಾತು ಕಲಿಯುವ ವಯಸ್ಸು ಕಾಯೋದಿಲ್ಲ. ಕರೆದರೆ ಮಗು ತಿರುಗಿ ನೋಡ್ತಿಲ್ಲವಾ? ‘ಪಾಸ್’ ಚೀಟಿ ಪಕ್ಕಕ್ಕಿಡಿ, ಬೆರಾ ಮಾಡಿ ಅಂತ ಕೇಳಿ.