ನೆತ್ತಿಯ ಮೇಲಿನ ಗಾಜು: ಫೀನಿಕ್ಸ್ ಬಿಸಿಲಿನಲ್ಲಿ ಗಾಜಿನ ಛಾವಣಿಯ ಕಾರು

ಅಮೆರಿಕದ ಅರಿಜೋನ ರಾಜ್ಯದ ಫೀನಿಕ್ಸ್‌ನಲ್ಲಿ 2023ರ ಬೇಸಿಗೆಯಲ್ಲಿ ಸತತ 31 ದಿನ ತಾಪಮಾನ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಜೂನ್ ತಿಂಗಳ ನಡುಹಗಲಲ್ಲಿ ಅಲ್ಲಿ ಸೂರ್ಯ ಕ್ಷಿತಿಜದಿಂದ 80 ಡಿಗ್ರಿ ಮೇಲಕ್ಕೇರುತ್ತಾನೆ. ಬಿಸಿಲು ಪಕ್ಕದ ಕಿಟಕಿಯಿಂದ ಬರುವುದಕ್ಕಿಂತ ಹೆಚ್ಚಾಗಿ ನೇರ ಮೇಲಿಂದ ಸುರಿಯುತ್ತದೆ. ಅಂಥ ಊರಿನಲ್ಲೇ ಮೇಲ್ಭಾಗವೆಲ್ಲ ಗಾಜಾಗಿರುವ ಕಾರುಗಳು ಓಡಾಡುತ್ತಿವೆ. ಟೆಸ್ಲಾದ ಮಾಡೆಲ್ 3 ಮತ್ತು ಮಾಡೆಲ್ ವೈ ಕಾರುಗಳಲ್ಲಂತೂ ಎಳೆದು ಮುಚ್ಚಿಕೊಳ್ಳಲು ಪರದೆಯೂ ಇಲ್ಲ. ಚಿಪ್ ಕಾರ್ಖಾನೆಯ ಕೆಲಸಕ್ಕೆಂದು ಪಕ್ಕದ ಚಾಂಡ್ಲರ್‌ಗೆ ಹೋಗಿ ನೆಲೆಸುವ ನಮ್ಮವರಿಗೂ ಕಾರು ಕೊಳ್ಳುವ ಹೊತ್ತಿನಲ್ಲಿ ಸಹಜವಾಗಿ ಅನುಮಾನ ಹುಟ್ಟುತ್ತದೆ: ಇದರೊಳಗೆ ಕೂರಲು ಆದೀತೇ? ಆದೀತು. ಆದರೆ ಕಾವು ಯಾವ ದಾರಿಯಲ್ಲಿ ಒಳಗೆ ಬರುತ್ತದೆ ಎಂದು ಮೊದಲು ತಿಳಿದುಕೊಳ್ಳಬೇಕು. ಇಲ್ಲದಿದ್ದರೆ ಖರ್ಚು ಮಾಡಿದ ದುಡ್ಡು ಬೇಡದ ಕಡೆ ಹೋಗುತ್ತದೆ.

ನೆಲಕ್ಕೆ ತಲುಪುವ ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಭಾಗ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳದು. ಅತಿನೇರಳೆ ಕಿರಣಗಳ ಪಾಲು ಶೇ. 5ರ ಆಸುಪಾಸು. ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರ ಕೂರಿಸಿದ ಲ್ಯಾಮಿನೇಟೆಡ್ ಛಾವಣಿ ಅತಿನೇರಳೆಯನ್ನು ಶೇ. 99ರವರೆಗೂ ತಡೆಯುತ್ತದೆ. ಜಾಹೀರಾತುಗಳಲ್ಲಿ ದೊಡ್ಡದಾಗಿ ಕಾಣುವುದು ಈ ಅಂಕಿಯೇ. ಅದು ಸುಳ್ಳಲ್ಲ, ಚರ್ಮಕ್ಕೆ ಒಳ್ಳೆಯದೂ ಹೌದು. ಆದರೆ ನೆತ್ತಿ ಕಾಯುವುದಕ್ಕೂ ಅದಕ್ಕೂ ಹೆಚ್ಚು ಸಂಬಂಧವಿಲ್ಲ. ಕೊಳ್ಳುವವರು ಕೇಳಬೇಕಾದದ್ದು ಒಟ್ಟು ಸೌರಶಕ್ತಿಯಲ್ಲಿ ಎಷ್ಟು ಒಳಗೆ ಬರುತ್ತದೆ ಎಂಬ ಅಂಕಿಯನ್ನು. ಐಎಸ್‌ಒ 13837 ಎಂಬ ಮಾನದಂಡ ಇದನ್ನು ಟಿಟಿಎಸ್ ಎನ್ನುತ್ತದೆ. ನಡುಹಗಲಿನ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್. ಛಾವಣಿಯ ಗಾಜು ಒಂದೂವರೆ ಚದರ ಮೀಟರ್ ಇದ್ದು, ಟಿಟಿಎಸ್ ಶೇ. 20 ಎಂದಿಟ್ಟುಕೊಳ್ಳಿ. ಒಳಗೆ ಬರುವುದು 300 ವ್ಯಾಟ್. ಸುಮ್ಮನೆ ಕೂತ ಮನುಷ್ಯನ ಮೈ ಹೊರಬಿಡುವ ಶಾಖ 100 ವ್ಯಾಟ್ ಆಸುಪಾಸು. ಮೂವರು ಹೆಚ್ಚು ಹತ್ತಿ ಕೂತಷ್ಟಾಯಿತು. ಕಾರಿನ ಎಸಿಗೆ ಅದು ದೊಡ್ಡ ಹೊರೆಯೇನಲ್ಲ.

ಹಾಗಿದ್ದರೆ ತಲೆ ಸುಡುವುದೇಕೆ? ಕಪ್ಪು ಛಾಯೆಯ ಗಾಜು ಬಿಸಿಲನ್ನು ಹೀರಿ ತಾನೇ ಕಾಯುತ್ತದೆ, ಕಾದ ಮೇಲೆ ಕೆಳಗಿರುವವರ ಮೇಲೆ ಶಾಖ ಸೂಸುತ್ತದೆ. ಮಲೆನಾಡಿನ ಚಳಿಯಲ್ಲಿ ಬಚ್ಚಲೊಲೆಯ ಮುಂದೆ ಕೂತರೆ ಮುಖ ಬೆಚ್ಚಗಾಗಿ ಬೆನ್ನು ತಣ್ಣಗೇ ಇರುವುದಿಲ್ಲವೇ, ಇದೂ ಹಾಗೆಯೇ. ಎಸಿ ಗಾಳಿಯನ್ನು 22 ಡಿಗ್ರಿಗೆ ಇಳಿಸಿದರೂ ಗಾಜಿನಿಂದ ತಲೆಗೆ ಬರುವ ವಿಕಿರಣ ನಿಲ್ಲುವುದಿಲ್ಲ. ತಗಡಿನ ಛಾವಣಿಯೂ ಕಾಯುತ್ತದೆ, ಆದರೆ ಅದರ ಕೆಳಗೆ ಬಟ್ಟೆ, ಸ್ಪಂಜಿನ ಪದರ ಇರುತ್ತದೆ. ಗಾಜಿಗೆ ಅಂಥ ಮರೆ ಇಲ್ಲ. ಸಾದಾ ಗಾಜು ತನ್ನ ತಾಪಕ್ಕೆ ಸೂಸಬಹುದಾದ ಗರಿಷ್ಠ ವಿಕಿರಣದಲ್ಲಿ ಸುಮಾರು ಶೇ. 84ರಷ್ಟನ್ನು ಸೂಸುತ್ತದೆ. ಒಳಮೈಗೆ ಲೋ-ಇ ಎಂಬ ತೆಳು ಲೇಪ ಬಳಿದರೆ ಅದು ಶೇ. 20ಕ್ಕಿಂತ ಕೆಳಗಿಳಿಯುತ್ತದೆ. ಪದರಗಳ ನಡುವೆ ಬೆಳ್ಳಿಯ ಲೇಪವಿದ್ದರೆ ಅವಕೆಂಪು ಕಿರಣ ಹೀರಿಕೆಯಾಗುವ ಮೊದಲೇ ಹೊರಕ್ಕೆ ಹಿಂತಿರುಗುತ್ತದೆ. ನನ್ನ ಮಟ್ಟಿಗೆ ಮರುಭೂಮಿಯಲ್ಲಿ ಒಳ್ಳೆಯ ಗಾಜಿನ ಛಾವಣಿಗೂ ಕೆಟ್ಟದ್ದಕ್ಕೂ ಇರುವ ವ್ಯತ್ಯಾಸ ಈ ಎರಡು ಲೇಪಗಳೇ. ಎಷ್ಟು ಕಪ್ಪಗಿದೆ ಎಂಬುದಲ್ಲ.

ನಿಲ್ಲಿಸಿದ ಕಾರಿನ ಲೆಕ್ಕ ಬೇರೆ. ಅರಿಜೋನ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಫೀನಿಕ್ಸ್ ಪಕ್ಕದ ಟೆಂಪಿಯಲ್ಲಿ ಸಾಮಾನ್ಯ ಕಾರುಗಳನ್ನು ನಿಲ್ಲಿಸಿ ಅಳೆದು, 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಸಿಲಲ್ಲಿ ಒಂದು ಗಂಟೆ ನಿಂತ ಕಾರಿನೊಳಗಿನ ಗಾಳಿ ಸರಾಸರಿ 47 ಡಿಗ್ರಿ, ಸ್ಟೀರಿಂಗ್ 53, ಡ್ಯಾಶ್‌ಬೋರ್ಡ್ 69. ನೆರಳಿನಲ್ಲಿ ಡ್ಯಾಶ್‌ಬೋರ್ಡ್ 48ಕ್ಕೆ ನಿಂತಿತ್ತು. ಎಲ್ಲಕ್ಕಿಂತ ಹೆಚ್ಚು ಕಾದದ್ದು ಮುಂಗಾಜಿನ ಕೆಳಗಿನ ಜಾಗ. ಮುಂಗಾಜು ಓಡಿಸುವವನ ನೋಟಕ್ಕಾಗಿ ತಿಳಿಯಾಗಿಯೇ ಇರಬೇಕು, ಹಾಗಾಗಿ ಅದರ ಮೂಲಕ ಬರುವ ಬಿಸಿಲು ಕಪ್ಪು ಛಾವಣಿಯಿಂದ ಬರುವುದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಮೊದಲು ಕೊಳ್ಳಬೇಕಾದದ್ದು ಮುಂಗಾಜಿಗೆ ಹೊಂದುವ, ಹೊಳೆಯುವ ಮೈಯ ಮಡಚು ಪರದೆ. ಛಾವಣಿಯದು ಆಮೇಲೆ.

ಛಾವಣಿಯ ಪರದೆ ಕೊಳ್ಳುವಾಗ ಬರೀ ಜಾಲರಿ ಸಾಲದು. ಜಾಲರಿಯ ಮೇಲೆ ಬೆಳ್ಳಿಬಣ್ಣದ ಬಟ್ಟೆ ಸೇರಿಸುವಂಥದ್ದು ಬೇಕು, ಹೊಳೆಯುವ ಮುಖ ಗಾಜಿನ ಕಡೆಗಿರಬೇಕು. ಗಾಜು ದಾಟಿ ಬಂದ ಬೆಳಕನ್ನು ಅದು ಒಂದಷ್ಟು ಹೊರಕ್ಕೆ ಕಳಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಾದ ಗಾಜಿಗೂ ತಲೆಗೂ ನಡುವೆ ಮರೆಯಾಗುತ್ತದೆ. ಬಟ್ಟೆ ಜೋತುಬಿದ್ದರೆ ಹಿಂದೆ ಕೂತ ಎತ್ತರದವರ ತಲೆಗೆ ತಾಗುತ್ತದೆ, ಆದ್ದರಿಂದ ಬಿಗಿಯಾದ ಚೌಕಟ್ಟು ಇರುವುದನ್ನೇ ಆರಿಸಿ.

ಇನ್ನು ಗಾಜಿಗೆ ಅಂಟಿಸುವ ಫಿಲ್ಮ್. ಲೋಹದ ಫಿಲ್ಮ್ ಮೊಬೈಲ್, ಜಿಪಿಎಸ್ ಸಂಕೇತಗಳಿಗೆ ಅಡ್ಡಿಯಾಗಬಹುದು. ಸೆರಾಮಿಕ್ ಫಿಲ್ಮ್‌ನಲ್ಲಿ ಆ ತೊಂದರೆ ಇಲ್ಲ. ಆದರೆ ಶಾಖ ಹೀರುವ ಫಿಲ್ಮನ್ನು ಈಗಾಗಲೇ ಶಾಖ ಹೀರುತ್ತಿರುವ ಕಪ್ಪು ಗಾಜಿಗೆ ಅಂಟಿಸಿದರೆ ಗಾಜು ಇನ್ನಷ್ಟು ಕಾಯುತ್ತದೆ. ಅಂಚಿಗೂ ನಡುವಿಗೂ ತಾಪದ ಅಂತರ ಹೆಚ್ಚಿ ಬಿರುಕಿನ ಅಪಾಯವೂ ಏರುತ್ತದೆ. ಈ ಗಾಜಿಗೆ ಈ ಫಿಲ್ಮ್ ಸರಿ ಎಂದು ಕಾರು ತಯಾರಕರಿಂದ ಬರಹದಲ್ಲಿ ಸಿಗದ ಹೊರತು ಅಂಟಿಸಬೇಡಿ. ಗುಂಡಿ ಒತ್ತಿದರೆ ಮಬ್ಬಾಗುವ ಗಾಜುಗಳೂ ಬಂದಿವೆ. ಅವುಗಳಲ್ಲಿ ಹಾಲಿನ ಬಣ್ಣಕ್ಕೆ ತಿರುಗುವ ಬಗೆ ಬೆಳಕನ್ನು ಚದುರಿಸುತ್ತದೆಯೇ ಹೊರತು ಶಾಖವನ್ನು ಅಷ್ಟಾಗಿ ತಡೆಯುವುದಿಲ್ಲ.

ಟೆಸ್ಲಾದಲ್ಲಿ ಒಳಗಿನ ತಾಪ 40 ಡಿಗ್ರಿ ಮೀರದಂತೆ ನೋಡಿಕೊಳ್ಳುವ ಸೌಲಭ್ಯವಿದೆ. ಇಳಿದ ಮೇಲೆ 12 ಗಂಟೆಯವರೆಗೆ ಕೆಲಸ ಮಾಡುತ್ತದೆ, ಬ್ಯಾಟರಿ ತೀರಾ ಇಳಿದರೆ ನಿಲ್ಲುತ್ತದೆ. ಅದನ್ನು ನಂಬಿ ಮಗುವನ್ನಾಗಲಿ ನಾಯಿಯನ್ನಾಗಲಿ ಬಿಟ್ಟು ಹೋಗಬಾರದು. ಟೆಂಪಿಯ ಅದೇ ಅಧ್ಯಯನದ ಲೆಕ್ಕದಂತೆ ಎರಡು ವರ್ಷದ ಮಗುವಿನ ಮೈತಾಪ ಬಿಸಿಲಲ್ಲಿ ನಿಂತ ಕಾರಿನೊಳಗೆ ಸುಮಾರು ಒಂದು ಗಂಟೆಯಲ್ಲಿ, ನೆರಳಿನಲ್ಲಿ ನಿಂತ ಕಾರಿನೊಳಗೆ ಎರಡು ಗಂಟೆಗೂ ಮೊದಲೇ 40 ಡಿಗ್ರಿ ಮುಟ್ಟಬಲ್ಲದು.

ರಾಯಚೂರು, ಕಲಬುರಗಿಗಳಲ್ಲಿ ದೊಡ್ಡ ಸನ್‌ರೂಫಿನ ಕಾರು ನೋಡುತ್ತಿರುವವರಿಗೂ ಒಂದು ಸರಳ ಪರೀಕ್ಷೆ ಸಾಕು. ಟೆಸ್ಟ್ ಡ್ರೈವನ್ನು ಸಂಜೆಗೆ ಇಟ್ಟುಕೊಳ್ಳದೆ ಮಧ್ಯಾಹ್ನ ಎರಡು ಗಂಟೆಗೆ ಕೇಳಿ. ಪರದೆ ಮುಚ್ಚಿ ಅರ್ಧ ಗಂಟೆ ಓಡಿಸಿ, ಆಮೇಲೆ ಅಂಗೈಯನ್ನು ಪರದೆಗೆ ಒಂದಿಷ್ಟು ಕೆಳಗೆ ಹಿಡಿಯಿರಿ. ಮುಟ್ಟದೆಯೇ ಕಾವು ತಾಗಿದರೆ ಆ ಬಟ್ಟೆ ತೀರಾ ತೆಳು.